ಸಮುದಾಯ ಭವನಗಳಲ್ಲಿ ನಡೆಸುವ ಕಾರ್ಯಕ್ರಮಗಳಿಗೆ ಸಹಾಯಧನ: ಅರ್ಜಿದಾರ ಸಂಘಗಳು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ರಾಜ್ಯದ ಅನೇಕ ಗ್ರಾಮಗಳಲ್ಲಿಯೂ ನಗರಗಳ ಬಡಾವಣೆಗಳಲ್ಲಿಯೂ ಸರ್ಕಾರದ ಅನುದಾನದಿಂದ ನಿರ್ಮಾಣಗೊಂಡ ಸಮುದಾಯ ಭವನಗಳಿವೆ. ಮದುವೆ, ನಾಮಕರಣ ಹಾಗೂ ಸಭೆಗಳಿಗೆ ಅವು ಒದಗುತ್ತವೆ. ಉಳಿದ ದಿನಗಳಲ್ಲಿ ಎಷ್ಟೋ ಭವನಗಳ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಭವನದ ಗೋಡೆಗಳಿಗೆ ಹಣ ದೊರೆತಿದ್ದರೂ ಅದರೊಳಗೆ ಹೊಲಿಗೆ ತರಬೇತಿ, ಮಕ್ಕಳ ಸಂಜೆ ಪಾಠ, ವಾಚನಾಲಯ ಅಥವಾ ಹಿರಿಯ ನಾಗರಿಕರ ಕೂಟವನ್ನು ನಡೆಸಲು ಹಣ ದೊರೆಯದಿರುವುದು ಇದಕ್ಕೆ ಒಂದು ಮುಖ್ಯ ಕಾರಣವಾಗಿದೆ. ಇಂತಹ ಕಾರ್ಯಕ್ರಮಗಳಿಗೆ ಸಹಾಯಧನ ಕೋರುವ ಸಂಘಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಕಟ್ಟಡದ ಅನುದಾನ ಬೇರೆ, ಕಾರ್ಯಕ್ರಮದ ಸಹಾಯಧನ ಬೇರೆ

ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯು 1993ರ ಡಿಸೆಂಬರ್‌ನಲ್ಲಿ ಆರಂಭವಾಯಿತು. 2011-12ನೇ ಸಾಲಿನಿಂದ ಪ್ರತಿ ಸಂಸದರ ಪಾಲಿಗೆ ವಾರ್ಷಿಕ 5 ಕೋಟಿ ರೂಪಾಯಿ ನಿಗದಿಯಾಗಿದೆ. ಸಮುದಾಯ ಭವನದ ನಿರ್ಮಾಣವು ಈ ಯೋಜನೆಯಡಿ ಕೈಗೊಳ್ಳಬಹುದಾದ ಕಾಮಗಾರಿಗಳಲ್ಲಿ ಒಂದು. ಆದರೆ ಯೋಜನೆಯ ಉದ್ದೇಶವು ಬಾಳಿಕೆ ಬರುವ ಸಾರ್ವಜನಿಕ ಆಸ್ತಿಯ ನಿರ್ಮಾಣವಾಗಿರುವುದರಿಂದ ಬೋಧಕರ ಗೌರವಧನ, ವಿದ್ಯುತ್ ಬಿಲ್ಲು ಮುಂತಾದ ಆವರ್ತಕ ವೆಚ್ಚಗಳನ್ನು ಇದರಿಂದ ಭರಿಸಲು ಅವಕಾಶವಿಲ್ಲ. ಆದ್ದರಿಂದ ಕಾರ್ಯಕ್ರಮದ ವೆಚ್ಚಕ್ಕಾಗಿ ಈ ಯೋಜನೆಯಡಿ ಮನವಿ ಸಲ್ಲಿಸಿದಲ್ಲಿ ಅದು ತಿರಸ್ಕೃತವಾಗುತ್ತದೆ.

ಭವನದ ದುರಸ್ತಿಯ ವಿಷಯವೂ ಪ್ರತ್ಯೇಕವಾದುದು. ಸಮುದಾಯ ಆಸ್ತಿಗಳ ನಿರ್ವಹಣೆಯು ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪೈಕಿ ಕೊನೆಯದಾಗಿದೆ. ಸೋರುವ ಛಾವಣಿ ಅಥವಾ ಮುರಿದ ಕಿಟಕಿಯ ಬಗ್ಗೆ ಗ್ರಾಮಸಭೆಯಲ್ಲಿ ವಿಷಯ ಮಂಡಿಸಿ, ಅದು ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳುವುದು ಸೂಕ್ತ.

2. ಕಾರ್ಯಕ್ರಮಗಳಿಗೆ ನೆರವು ದೊರೆಯುವ ಮೂಲಗಳು

ಕಾರ್ಯಕ್ರಮದ ಸ್ವರೂಪಕ್ಕೆ ಅನುಗುಣವಾಗಿ ಸಂಬಂಧಪಟ್ಟ ಇಲಾಖೆ ಅಥವಾ ಸಂಸ್ಥೆಗೆ ಅರ್ಜಿ ಸಲ್ಲಿಸತಕ್ಕದ್ದು.

ಅ) ಸಂಗೀತ, ನಾಟಕ, ಜಾನಪದ ಕಲೆ ಮುಂತಾದ ಚಟುವಟಿಕೆಗಳಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ನೋಂದಾಯಿತ ಸಂಘ ಸಂಸ್ಥೆಗಳಿಗೆ ಧನಸಹಾಯ ನೀಡುತ್ತದೆ.

ಆ) ಗ್ರಂಥಾಲಯ ನಡೆಸುವ ಸ್ವಯಂಸೇವಾ ಸಂಸ್ಥೆಗಳಿಗೆ 1972ರಲ್ಲಿ ಸ್ಥಾಪಿತವಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವಿನ ಯೋಜನೆಗಳಿವೆ.

ಇ) ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರ ಮತ್ತು ವಿಕಲಚೇತನರ ಏಳಿಗೆಗಾಗಿ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ನಿರ್ದಿಷ್ಟ ಪಾಲನ್ನು ಮೀಸಲಿಡುತ್ತವೆ. ಈ ವರ್ಗದವರಿಗೆ ತರಬೇತಿ ನೀಡುವ ಉದ್ದೇಶವಿದ್ದಲ್ಲಿ ಆಯಾ ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ಮೊದಲು ವಿಚಾರಿಸುವುದು.

ಈ) ಕಂಪನಿಗಳ ಕಾಯ್ದೆ 2013ರ 135ನೇ ಪ್ರಕರಣದಡಿ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದಲೂ ನೆರವು ನೀಡುತ್ತವೆ. ಇಂತಹ ಕೆಲಸವನ್ನು ಕಂಪನಿಯ ಪರವಾಗಿ ಕೈಗೊಳ್ಳುವ ಸಂಸ್ಥೆಯು ಸಿ.ಎಸ್.ಆರ್.-1 ನಮೂನೆಯಲ್ಲಿ ನೋಂದಣಿ ಹೊಂದಿರುವುದು 2021ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ.

3. ಅರ್ಹತೆ ಮತ್ತು ದಾಖಲೆಗಳು

ಸಹಾಯಧನವನ್ನು ಸಾಮಾನ್ಯವಾಗಿ ವ್ಯಕ್ತಿಗಳಿಗೆ ನೀಡದೆ ನೋಂದಾಯಿತ ಸಂಸ್ಥೆಗಳಿಗೆ ನೀಡಲಾಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಂತೆ ಕನಿಷ್ಠ ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ಆದರೆ ನೋಂದಣಿ ಪತ್ರವೊಂದೇ ಸಾಲದು. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪರಿಶೋಧಿತ ಆಢಾವೆ ಪತ್ರಿಕೆಯನ್ನೂ ಸಂಘಗಳ ನೋಂದಣಾಧಿಕಾರಿಗಳಿಗೆ ಸಲ್ಲಿಸತಕ್ಕದ್ದು. ಹಲವು ವರ್ಷಗಳ ಪಟ್ಟಿಗಳನ್ನು ಸಲ್ಲಿಸದೆ ಉಳಿಸಿಕೊಂಡ ಸಂಘವು ಅರ್ಜಿಯ ಕೊನೆಯ ದಿನಾಂಕ ಹತ್ತಿರವಾದಾಗ ಅವೆಲ್ಲವನ್ನೂ ಒಮ್ಮೆಲೇ ಸರಿಪಡಿಸುವುದು ಕಷ್ಟಸಾಧ್ಯ.

ಅರ್ಜಿಯೊಂದಿಗೆ ಸಾಮಾನ್ಯವಾಗಿ ಈ ಕೆಳಕಂಡ ದಾಖಲೆಗಳನ್ನು ಲಗತ್ತಿಸಬೇಕಾಗುತ್ತದೆ:

- ನೋಂದಣಿ ಪತ್ರ ಮತ್ತು ಸಂಘದ ಉಪನಿಯಮಗಳ ಪ್ರತಿ
- ಹಿಂದಿನ ಸಾಲುಗಳ ಲೆಕ್ಕಪರಿಶೋಧನಾ ವರದಿ
- ಸಂಘದ ಹೆಸರಿನಲ್ಲಿರುವ ಬ್ಯಾಂಕ್ ಖಾತೆಯ ವಿವರ (ಪದಾಧಿಕಾರಿಗಳ ವೈಯಕ್ತಿಕ ಖಾತೆ ಸಲ್ಲದು)
- ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿದ ಆಡಳಿತ ಮಂಡಳಿಯ ನಿರ್ಣಯ
- ಭವನವನ್ನು ಬಳಸಿಕೊಳ್ಳಲು ಅದರ ಒಡೆತನ ಹೊಂದಿರುವ ಸಂಸ್ಥೆಯ ಲಿಖಿತ ಅನುಮತಿ
- ಬಾಬುವಾರು ಅಂದಾಜು ವೆಚ್ಚದ ಪಟ್ಟಿ

ಕೇಂದ್ರ ಸರ್ಕಾರದ ಸಚಿವಾಲಯಗಳಿಗೆ ಅರ್ಜಿ ಸಲ್ಲಿಸುವ ಸ್ವಯಂಸೇವಾ ಸಂಸ್ಥೆಗಳು ದರ್ಪಣ್ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಗುರುತಿನ ಸಂಖ್ಯೆಯನ್ನು ಪಡೆದಿರಬೇಕು.

4. ಅಂದಾಜು ವೆಚ್ಚದ ಪಟ್ಟಿ

“ತರಬೇತಿ ವೆಚ್ಚ ರೂ. 1,00,000” ಎಂದು ಒಂದೇ ಸಾಲಿನಲ್ಲಿ ನಮೂದಿಸಿದ ಪಟ್ಟಿಯನ್ನು ಪರಿಶೀಲಿಸಲು ಸಾಧ್ಯವಾಗುವುದಿಲ್ಲ. ಎಷ್ಟು ಮಂದಿಗೆ, ಎಷ್ಟು ತಿಂಗಳು, ವಾರಕ್ಕೆ ಎಷ್ಟು ತರಗತಿ, ಪ್ರತಿ ತರಗತಿಗೆ ಗೌರವಧನ ಎಷ್ಟು, ಸಾಮಗ್ರಿಗೆ ಎಷ್ಟು ಎಂಬ ವಿವರವಿರಲಿ. ಸಂಘವು ತನ್ನ ಪಾಲಿನಿಂದ ಭರಿಸುವ ಮೊತ್ತವನ್ನು ಪ್ರತ್ಯೇಕವಾಗಿ ತೋರಿಸುವುದು. ಹೊಲಿಗೆ ಯಂತ್ರ, ಕುರ್ಚಿ ಮುಂತಾದ ಖರೀದಿಗಳಿಗೆ ದರಪಟ್ಟಿಗಳನ್ನು ಪಡೆದು ಲಗತ್ತಿಸುವುದು ಒಳಿತು. ಮಂಜೂರಾಗಲಿ ಎಂಬ ನಿರೀಕ್ಷೆಯಿಂದ ಮೊತ್ತವನ್ನು ಹಿಗ್ಗಿಸಿ ಬರೆದಲ್ಲಿ ಅದರ ತೊಂದರೆಯು ಲೆಕ್ಕ ಒಪ್ಪಿಸುವ ಸಮಯದಲ್ಲಿ ಸಂಘಕ್ಕೇ ಉಂಟಾಗುತ್ತದೆ.

5. ಹಣ ಬಳಕೆ ಪ್ರಮಾಣ ಪತ್ರ

ಒಮ್ಮೆ ಸಹಾಯಧನ ಪಡೆದ ಸಂಘವು ಮರುವರ್ಷ ಅದನ್ನು ಕಳೆದುಕೊಳ್ಳುವುದು ಬಹುಮಟ್ಟಿಗೆ ಈ ಹಂತದಲ್ಲಿಯೇ. ತರಗತಿಗಳು ಚೆನ್ನಾಗಿ ನಡೆದಿರುತ್ತವೆ, ಕಲಿತವರಿಗೆ ಪ್ರಯೋಜನವೂ ಆಗಿರುತ್ತದೆ. ಆದರೆ ಲೆಕ್ಕ ಸಲ್ಲಿಕೆಯಾಗಿರುವುದಿಲ್ಲ. ಹಿಂದಿನ ಹಣದ ಬಳಕೆ ಪ್ರಮಾಣ ಪತ್ರ ಬಾಕಿಯಿರುವಾಗ ಹೊಸ ಕಂತನ್ನು ಬಿಡುಗಡೆ ಮಾಡಲು ಕಚೇರಿಗೆ ಅವಕಾಶವಿರುವುದಿಲ್ಲ. ಪರಿಣಾಮವಾಗಿ ತರಗತಿ ನಿಲ್ಲುತ್ತದೆ ಮತ್ತು ಭವನಕ್ಕೆ ಪುನಃ ಬೀಗ ಬೀಳುತ್ತದೆ.

ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017ರ ಪ್ರಕಾರ, ಅನಾವರ್ತಕ ಅನುದಾನಗಳ ಬಳಕೆ ಪ್ರಮಾಣ ಪತ್ರವನ್ನು ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗಾಗಿ 12-ಎ ನಮೂನೆಯಲ್ಲಿ ಸಲ್ಲಿಸಬೇಕು. ಇತರ ಅನುದಾನಗಳಿಗೆ ಮಂಜೂರಾತಿ ಆದೇಶದಲ್ಲಿ ನಮೂದಿಸಿದ ಅವಧಿಯೇ ಅನ್ವಯ. ಆದೇಶ ಕೈಸೇರಿದ ದಿನವೇ ಆ ದಿನಾಂಕವನ್ನು ಗುರುತು ಹಾಕಿಕೊಳ್ಳುವುದು. ನಿಗದಿತ ಅವಧಿಯಲ್ಲಿ ಕಾರ್ಯಕ್ರಮ ಮುಗಿಯಲಾರದೆಂದು ಕಂಡುಬಂದಲ್ಲಿ, ಅವಧಿ ಮುಗಿಯುವ ಮುನ್ನವೇ ಕಾರಣ ಸಹಿತ ಲಿಖಿತ ಮನವಿ ಸಲ್ಲಿಸುವುದು.

ಪಾವತಿಗಳನ್ನು ಸಾಧ್ಯವಾದಷ್ಟೂ ಬ್ಯಾಂಕ್ ಮುಖಾಂತರವೇ ಮಾಡತಕ್ಕದ್ದು. ಪ್ರತಿ ವೆಚ್ಚಕ್ಕೂ ವೋಚರ್ ಇರಬೇಕು. ರೂ. 5,000ಕ್ಕೆ ಮೀರಿದ ನಗದು ಪಾವತಿಯ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಸಹಿ ಪಡೆಯುವುದು. ಹಾಜರಿ ಪುಸ್ತಕ ಮತ್ತು ದಾಸ್ತಾನು ಪುಸ್ತಕಗಳನ್ನು ಅಂದಂದೇ ಬರೆಯುವುದು. ಅನುದಾನದಿಂದ ಕೊಂಡ ಯಂತ್ರೋಪಕರಣಗಳನ್ನು ಮಂಜೂರು ಮಾಡಿದ ಪ್ರಾಧಿಕಾರದ ಪೂರ್ವಾನುಮತಿಯಿಲ್ಲದೆ ಮಾರಾಟ ಮಾಡುವಂತಿಲ್ಲ.

6. ಉಳಿಕೆ ಹಣವನ್ನು ಹಿಂದಿರುಗಿಸುವುದು

ಉದಾಹರಣೆಗೆ, ಸಂಘವೊಂದಕ್ಕೆ ರೂ. 1,00,000 ಬಿಡುಗಡೆಯಾಗಿದೆ ಎಂದು ಭಾವಿಸೋಣ. ಬೋಧಕರು ಎರಡು ವಾರ ಗೈರುಹಾಜರಾದ ಕಾರಣ ರೂ. 87,500 ಮಾತ್ರ ವೆಚ್ಚವಾಗಿ ರೂ. 12,500 ಉಳಿದಿದೆ. ಖಾತೆಗೆ ರೂ. 640 ಬಡ್ಡಿ ಜಮೆಯಾಗಿದೆ. ಆದೇಶದಲ್ಲಿ ಬೇರೆ ಸೂಚನೆ ಇಲ್ಲದಿದ್ದಲ್ಲಿ, ಉಳಿಕೆ ಮತ್ತು ಬಡ್ಡಿ ಸೇರಿ ರೂ. 13,140ನ್ನು ಸರ್ಕಾರಕ್ಕೆ ಹಿಂದಿರುಗಿಸಿ, ಅದರ ಚಲನ್ ಪ್ರತಿಯನ್ನು ಪ್ರಮಾಣ ಪತ್ರದೊಂದಿಗೆ ಲಗತ್ತಿಸತಕ್ಕದ್ದು.

ಹಣ ಹಿಂದಿರುಗಿಸಿದರೆ ಸಂಘಕ್ಕೆ ಅಸಮರ್ಥವೆಂಬ ಹೆಸರು ಬರುತ್ತದೆ, ಮುಂದಿನ ವರ್ಷ ಕಡಿಮೆ ಮಂಜೂರಾಗುತ್ತದೆ ಎಂಬ ಭಾವನೆಯಿಂದ ಕೆಲವರು ಕೊನೆಯ ವಾರದಲ್ಲಿ ಅಗತ್ಯವಿಲ್ಲದ ಖರೀದಿ ಮಾಡುವುದು ಅಥವಾ ನಡೆಯದ ತರಗತಿಗಳಿಗೆ ರಸೀದಿ ಹೊಂದಿಸುವುದು ಉಂಟು. ಇದು ಸರಿಯಲ್ಲ. ಉಳಿಕೆಯನ್ನು ತೋರಿಸಿದ ಲೆಕ್ಕವು ನಂಬಿಕೆಗೆ ಅರ್ಹವಾದ ಲೆಕ್ಕ. ಹೊಂದಿಸಿದ ಒಂದು ರಸೀದಿಯು ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬಿದ್ದಲ್ಲಿ ಪೂರ್ಣ ಮೊತ್ತದ ವಸೂಲಾತಿಗೂ ಕಾನೂನು ಕ್ರಮಕ್ಕೂ ಕಾರಣವಾಗಬಹುದು. ನ್ಯಾಯವಾಗಿ ಖರ್ಚಾದ ರೂ. 87,500ರ ಮೇಲೂ ಅನುಮಾನ ಬೀಳುತ್ತದೆ.

7. ಅರ್ಜಿ ತಿರಸ್ಕೃತವಾದಲ್ಲಿ

ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಬಹುದು. ಮಾಹಿತಿ ಹಕ್ಕು ಅಧಿನಿಯಮ 2005ರಡಿ ರೂ. 10 ಶುಲ್ಕದೊಂದಿಗೆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಿದಲ್ಲಿ 30 ದಿನಗಳೊಳಗೆ ಉತ್ತರ ದೊರೆಯಬೇಕು. ದಾಖಲೆಯ ಕೊರತೆಯೇ ಕಾರಣವಾಗಿದ್ದಲ್ಲಿ ಅದನ್ನು ಸರಿಪಡಿಸಿಕೊಂಡು ಮುಂದಿನ ಸಾಲಿನಲ್ಲಿ ಪುನಃ ಅರ್ಜಿ ಸಲ್ಲಿಸಬಹುದು.

ಮುಕ್ತಾಯ

ಸಹಾಯಧನವು ಸಾರ್ವಜನಿಕರ ತೆರಿಗೆಯ ಹಣ. ಒಂದು ಬಡಾವಣೆಯ ಸಂಘವು ಸಕಾಲದಲ್ಲಿ ಲೆಕ್ಕ ಒಪ್ಪಿಸಿ ಉಳಿಕೆಯನ್ನು ಮರಳಿಸಿದಲ್ಲಿ, ಅದು ಸರ್ಕಾರದ ಖಜಾನೆಗೆ ಸೇರಿ ಮತ್ತೊಂದು ಸಾರ್ವಜನಿಕ ಕೆಲಸಕ್ಕೆ ಒದಗುತ್ತದೆ. ಸಂಘಗಳ ಪದಾಧಿಕಾರಿಗಳು ಅರ್ಜಿಯನ್ನು ಸಿದ್ಧಪಡಿಸುವಾಗ ತೋರುವಷ್ಟೇ ಆಸಕ್ತಿಯನ್ನು ಲೆಕ್ಕ ಒಪ್ಪಿಸುವಾಗಲೂ ತೋರಬೇಕೆಂದು ಕೋರಲಾಗಿದೆ.