ಪರಸ್ಥಳದಲ್ಲಿ ಚಿಕ್ಕ ಮಗನ ಶೌಚಾಭ್ಯಾಸ

ಮಕ್ಕಳ ಶಿಕ್ಷಣವೆಂದರೆ ಅಕ್ಷರಾಭ್ಯಾಸವೆಂದೇ ಬಹುಜನರ ಎಣಿಕೆ. ಆದರೆ ಪಾಟಿ-ಬಳಪಗಳನ್ನು ಹಿಡಿಯುವದಕ್ಕೆ ಬಹು ಮೊದಲೇ ಕೂಸು ಕಲಿಯತಕ್ಕ ಪಾಠವೊಂದುಂಟು. ಮಲಮೂತ್ರಗಳ ವೇಗವನ್ನು ತಾನೇ ಅರಿತು, ಹಿರಿಯರಿಗೆ ತಿಳಿಸಿ, ತಕ್ಕ ಸ್ಥಳದಲ್ಲಿ ವಿಸರ್ಜಿಸುವದೇ ಆ ಪಾಠವು. ಇದನ್ನು ಬರೆದು ಚರ್ಚಿಸಲು ಕೆಲವರಿಗೆ ಸಂಕೋಚವಾದೀತು. ಆದರೆ ಮನೆಯೊಳಗೆ ದಿನವೂ ಹತ್ತು ಸಲ ಎದುರಾಗುವ ವಿಷಯವನ್ನು ಗೃಹಸ್ಥರ ಮಾಸಪತ್ರಿಕೆಯಲ್ಲಿ ಹೇಳದೆ ಇನ್ನೆಲ್ಲಿ ಹೇಳಬೇಕು? ಮನೆಯಲ್ಲಿ ಚೆನ್ನಾಗಿ ನಡೆದಿದ್ದ ಅಭ್ಯಾಸವು ಪರಸ್ಥಳಕ್ಕೆ ಹೋದೊಡನೆ ಕೆಡುವದೇಕೆ, ಆಗ ತಾಯಿತಂದೆಗಳು ಮಾಡತಕ್ಕದ್ದೇನು ಎಂಬದನ್ನು ಇಲ್ಲಿ ವಿಚಾರಿಸೋಣ.

ಧಾರವಾಡ ಜಿಲ್ಲೆಯ ಕಲಘಟಗಿಯು ಬಣ್ಣದ ಕಟ್ಟಿಗೆಯ ತೊಟ್ಟಿಲುಗಳಿಗೆ ಹೆಸರಾದ ಊರು. ಅದೇ ತಾಲೂಕಿನಲ್ಲಿ, ಅಡವಿಯ ಅಂಚಿನಲ್ಲಿ, ಬಸವಣ್ಣನ ಗುಡಿಯಿಂದ ಪ್ರಸಿದ್ಧವಾದ ತಂಬೂರವಿರುವದು. ಬೇಸಿಗೆಯ ರಜೆ ಬಂದಿತೆಂದರೆ ಹುಬ್ಬಳ್ಳಿ-ಧಾರವಾಡಗಳಿಂದ ಹೆಣ್ಣುಮಕ್ಕಳು ಕೂಸುಗಳನ್ನು ಕಟ್ಟಿಕೊಂಡು ಇಂಥ ಹಳ್ಳಿಗಳ ತವರುಮನೆಗಳಿಗೆ ಬರುವರು. ಅಂಥ ಮನೆಗೆ ಬಂದ ಎರಡೂವರೆ ವರುಷದ ಹುಡುಗನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ತನ್ನ ಮನೆಯಲ್ಲಿ ಅವನು ಕೇಳಿ ಹೋಗುತ್ತಿದ್ದವನು. ಇಲ್ಲಿ ಮೊದಲನೆಯ ರಾತ್ರಿಯೇ ಅಜ್ಜಿಯ ಕೌದಿಯನ್ನು ತೋಯಿಸುವನು. ಎರಡನೆಯ ದಿನ ಆಟದ ಮಧ್ಯದಲ್ಲಿ ಚಡ್ಡಿ ಕೆಡಿಸಿಕೊಳ್ಳುವನು. ಮೂರನೆಯ ದಿನ ಶೌಚದ ಹೆಸರೆತ್ತಿದರೆ ಓಡಿಹೋಗುವನು. “ಇಷ್ಟ ದೊಡ್ಡಾವ ಆಗ್ಯಾನ, ಇನ್ನೂ ಚಡ್ಡ್ಯಾಗ ಮಾಡ್ಕೋತಾನ!” ಎಂದು ಬಂದವರು ನಗುವರು. ತಾಯಿಯು ನಾಚಿ, ಅವನ ಬೆನ್ನಿಗೊಂದು ಏಟು ಕೊಡುವಳು. ನಿಜವಾದ ಕೇಡು ಆರಂಭವಾಗುವದು ಆ ಏಟಿನಿಂದಲೇ.

ಹುಡುಗನು ಹಟದಿಂದ ಹೀಗೆ ಮಾಡುವನೆಂದು ತಿಳಿಯುವದು ತಪ್ಪು. ೨೦೧೪ರ ಅಕ್ಟೋಬರ ೨ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದ ತರುವಾಯ ಹಳ್ಳಿಗಳ ಅನೇಕ ಹಿತ್ತಲುಗಳಲ್ಲಿ ಶೌಚಗೃಹಗಳು ಎದ್ದಿರುವವು. ಆದರೆ ಅವು ದೊಡ್ಡವರ ಅಳತೆಗೆ ಕಟ್ಟಿದವುಗಳು. ಕಾಲಿಡುವ ಮೆಟ್ಟುಗಳ ನಡುವಿನ ಅಂತರವು ಎರಡೂವರೆ ವರುಷದವನ ಕಾಲಿಗೆ ಅಗಲವಾಗುವದು. ನಡುವಿನ ಕುಳಿಯೊಳಗೆ ಬೀಳುವೆನೆಂಬ ಅಂಜಿಕೆ. ಬಾಗಿಲು ಮುಚ್ಚಿದರೆ ಕತ್ತಲೆ. ಇದರ ಮೇಲೆ ಊಟದ ಹೊತ್ತು, ನಿದ್ರೆಯ ಹೊತ್ತು ಎಲ್ಲವೂ ಬದಲಾಗಿರುವವು. ಕೂಸು ಕಲಿತದ್ದು ‘ಶೌಚ’ವೆಂಬ ತತ್ತ್ವವನ್ನಲ್ಲ; ಒಂದು ಜಾಗ, ಒಂದು ಹೊತ್ತು, ಒಂದು ಮಾತು ಇವುಗಳನ್ನು. ಆ ಮೂರೂ ಒಮ್ಮೆಲೇ ಮಾಯವಾದರೆ ಪಾಠವೂ ಮರೆಯುವದು ಸಹಜವೇ ಸರಿ.

ಹೆದರಿದ ಹುಡುಗನು ಮಲವನ್ನು ತಡೆಹಿಡಿಯುವನು. ತಡೆದ ಮಲವು ಕರುಳಿನಲ್ಲಿ ನೀರಿನಂಶವನ್ನು ಕಳೆದುಕೊಂಡು ಗಟ್ಟಿಯಾಗುವದು. ಗಟ್ಟಿಯಾದದ್ದು ಹೊರಬೀಳುವಾಗ ನೋವಾಗುವದು. ನೋವುಂಡವನು ಮುಂದಿನ ಸಲ ಇನ್ನಷ್ಟು ತಡೆಹಿಡಿಯುವನು. ಕಾಲುಗಳನ್ನು ಬಿಗಿಹಿಡಿಯುವದು, ತುದಿಗಾಲಿನ ಮೇಲೆ ನಿಲ್ಲುವದು, ಮೂಲೆಯಲ್ಲಿ ಅಡಗುವದು ಇವು ತಡೆಹಿಡಿಯುವದರ ಕುರುಹುಗಳು. ಕೆಲವು ಸಲ ಕಟ್ಟಿಕೊಂಡ ಮಲದ ಸುತ್ತಲಿಂದ ನೀರುಮಲವು ಸೋರಿ ಚಡ್ಡಿಗೆ ಹತ್ತುವದು. ಅದನ್ನು ಭೇದಿಯೆಂದು ಬಗೆದು ಕಟ್ಟುವ ಔಷಧವನ್ನು ಕೊಟ್ಟರೆ ಕೆಲಸ ಕೆಟ್ಟಂತೆಯೇ. ಹೊಟ್ಟೆಯುಬ್ಬರ, ವಾಂತಿ, ಮಲದಲ್ಲಿ ರಕ್ತ ಇವು ಕಂಡರೆ ಮನೆಮದ್ದಿಗೆ ಹೋಗದೆ ವೈದ್ಯರಿಗೆ ತೋರಿಸಬೇಕು.

ವಯಸ್ಸಿನ ವಿಷಯವಾಗಿಯೂ ಎರಡು ಮಾತು. ಅಮೆರಿಕದ ಬಾಲವೈದ್ಯ ಬ್ರೆಜಲ್ಟನ್ನರು ೧೯೬೨ರಲ್ಲಿ ೧,೧೭೦ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಕೂಸು ಸಿದ್ಧವಾಗುವ ವರೆಗೆ ಕಾದು, ಒತ್ತಾಯವಿಲ್ಲದೆ ಕಲಿಸಿದಾಗ ಅವಕ್ಕೆ ಹಗಲಿನ ಹತೋಟಿಯು ಸರಾಸರಿ ೨೮.೫ ತಿಂಗಳಿಗೆ ಬಂದಿತ್ತು. ಇದಕ್ಕೆ ವಿರುದ್ಧವಾಗಿ ಪೂರ್ವ ಆಫ್ರಿಕದ ಡಿಗೋ ಜನರು ಕೆಲವೇ ವಾರಗಳ ಕೂಸನ್ನು ಕಾಲಿನ ಮೇಲೆ ಹಿಡಿದು, ಬಾಯಿಂದ ಸದ್ದು ಮಾಡಿ, ಅರ್ಧ ವರುಷದೊಳಗೇ ಅಭ್ಯಾಸ ಮಾಡಿಸುವರೆಂದು ೧೯೭೭ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ನಮ್ಮ ಅಜ್ಜಿಯರೂ ಕೂಸನ್ನು ಎರಡು ಪಾದಗಳ ಮೇಲೆ ಕೂಡ್ರಿಸಿಕೊಂಡು ‘ಶ್‌ಶ್’ ಎನ್ನುತ್ತಿದ್ದದ್ದು ವಾಚಕರ ನೆನಪಿನಲ್ಲಿರಬಹುದು. ಇವೆರಡೂ ದಾರಿಗಳಲ್ಲಿ ಸಮನಾದ ಗುಣವೊಂದುಂಟು: ಯಾವದರಲ್ಲಿಯೂ ಸಿಟ್ಟಿಗೆ ಸ್ಥಳವಿಲ್ಲ. ಗಂಡು ಕೂಸುಗಳು ಸಾಮಾನ್ಯವಾಗಿ ಹೆಣ್ಣು ಕೂಸುಗಳಿಗಿಂತ ತುಸು ತಡವಾಗಿ ಕಲಿಯುವವು. ರಾತ್ರಿಯ ಹತೋಟಿಯಂತೂ ಇನ್ನೂ ತಡ. ಐದು ವರುಷದೊಳಗಿನ ಹುಡುಗನು ಹಾಸಿಗೆ ತೋಯಿಸಿದರೆ ಅದು ರೋಗವೂ ಅಲ್ಲ, ಅಪರಾಧವೂ ಅಲ್ಲ.

ಆದುದರಿಂದ ಮುಖ್ಯ ಸೂತ್ರವಿಷ್ಟೆ: ಪರಸ್ಥಳದಲ್ಲಿ ಹೊಸದಾಗಿ ಕಲಿಸಲು ಹೋಗಬಾರದು, ಮನೆಯಲ್ಲಿ ಕಲಿತದ್ದನ್ನು ಜೊತೆಯಲ್ಲಿ ಒಯ್ಯಬೇಕು. ಲಗ್ನಕ್ಕೋ ಜಾತ್ರೆಗೋ ಹೊರಡುವ ವಾರವೇ ಡೈಪರ್ ಬಿಡಿಸುವ ಸಾಹಸವು ಬೇಡ. ಆರಂಭಿಸಿದ್ದರೆ ಮೂರನ್ನು ಒಯ್ಯಿರಿ.

ಮೊದಲನೆಯದು ಹೊತ್ತು. ಆಹಾರವು ಹೊಟ್ಟೆಗೆ ಬಿದ್ದೊಡನೆ ದೊಡ್ಡ ಕರುಳು ಚಲಿಸತೊಡಗುವದು ದೇಹದ ನಿಯಮ. ಮುಂಜಾನೆಯ ಹಾಲು ಅಥವಾ ಊಟವಾದ ಕಾಲುಗಂಟೆಯ ಮೇಲೆ ಹುಡುಗನನ್ನು ಐದು ನಿಮಿಷ ಕೂಡ್ರಿಸಿ. ಆಗದಿದ್ದರೆ ಒತ್ತಾಯಿಸದೆ ಎಬ್ಬಿಸಿರಿ. ಎರಡನೆಯದು ಮಾತು. ಮನೆಯಲ್ಲಿ ‘ಕಕ್ಕಾ’ ಎನ್ನುತ್ತಿದ್ದರೆ ಅಜ್ಜಿ, ಸೋದರಮಾವ, ಚಿಗವ್ವ ಎಲ್ಲರಿಗೂ ಅದನ್ನು ಹೇಳಿಡಿರಿ. ಕೂಸು ಕರೆದಾಗ ಅರ್ಥವಾಗದೆ ಹೋದರೆ ತಪ್ಪು ಕೂಸಿನದಲ್ಲ. ಮೂರನೆಯದು ಜಾಗ. ಅಂಗಡಿಗಳಲ್ಲಿ ದೊರೆಯುವ ಮಕ್ಕಳ ಪುಟ್ಟ ಶೌಚಪೀಠವು ಚೀಲದಲ್ಲಿ ಹಿಡಿಯುವದು. ಅದಿಲ್ಲದಿದ್ದರೆ ತಾಯಿ ಅಥವಾ ತಂದೆಯು ಹಳೆಯ ಪದ್ಧತಿಯಂತೆ ತಮ್ಮ ಪಾದಗಳ ಮೇಲೆ ಕೂಡ್ರಿಸಿಕೊಳ್ಳಬಹುದು. ಹಿತ್ತಲಿನ ಶೌಚಗೃಹವನ್ನು ಬಂದ ದಿನವೇ ಹಗಲಿನಲ್ಲಿ ತೋರಿಸಿ, ಬಾಗಿಲು ತೆರೆದಿಟ್ಟು, ಅಂಜಿಕೆಯನ್ನು ಬಿಡಿಸಿರಿ.

ಪ್ರಯಾಣಕ್ಕೆ ಹೊರಡುವ ಮುನ್ನ ಮನೆಯಲ್ಲಿ ಒಮ್ಮೆ, ಬಸ್ ನಿಲ್ದಾಣದಲ್ಲಿ ಒಮ್ಮೆ ಕರೆದೊಯ್ಯಿರಿ. ದಾರಿಯಲ್ಲಿ ಹುಡುಗನು ಕೇಳಿದರೆ ಸಂಕೋಚ ಬಿಟ್ಟು ಕಂಡಕ್ಟರರಿಗೆ ತಿಳಿಸಿರಿ. ಎರಡು ವರುಷದವನಿಗೆ ಮುಂದಿನ ಊರಿನ ವರೆಗೆ ತಡೆಯುವ ಶಕ್ತಿಯಿರದು. ರೈಲಿನ ಶೌಚಗೃಹದ ಸದ್ದಿಗೂ ಅಲುಗಾಟಕ್ಕೂ ಮಕ್ಕಳು ಬೆದರುವರು. ಎರಡೂ ಕೈಗಳಿಂದ ಹಿಡಿದುಕೊಳ್ಳಬೇಕು. ತೊಯ್ಸಿಕೊಂಡಾನೆಂದು ನೀರು ಕುಡಿಸದೆ ಒಯ್ಯುವದು ದೊಡ್ಡ ತಪ್ಪು. ಅದರಿಂದ ಮಲವು ಇನ್ನಷ್ಟು ಕಟ್ಟುವದು. ಜಾತ್ರೆಯ ಭಜಿ-ಮಿಠಾಯಿಗಳಿಗಿಂತ ಸಾರಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಪಲ್ಲೆ, ಪಪ್ಪಾಯಿ ಹಣ್ಣು ಇವು ಹಿತಕರ. ಎರಡು-ಮೂರು ಜೊತೆ ಸಡಿಲಾದ ಚಡ್ಡಿಗಳು, ಕೌದಿಯ ಕೆಳಗೆ ಹಾಸಲು ಒಂದು ರಬ್ಬರ ಹಾಳೆ, ಸಾಬೂನು ಇವಿಷ್ಟಿದ್ದರೆ ಪರರ ಮನೆಯಲ್ಲಿ ತಾಯಿಯ ಅರ್ಧ ಚಿಂತೆ ತಗ್ಗುವದು.

ಗಂಡು ಕೂಸಿನ ವಿಷಯದಲ್ಲಿ ನಮ್ಮಲ್ಲೊಂದು ಸಲಿಗೆಯುಂಟು. ಹುಡುಗನು ಗೋಡೆಯ ಮಗ್ಗುಲಿಗೆ ನಿಂತರೆ ಎಲ್ಲರೂ ನಗುವರು. ಹುಡುಗಿಯಾದರೆ ಒಳಗೆ ಕರೆದೊಯ್ಯುವರು. ಬಸ್ ನಿಲ್ದಾಣದ ಗೋಡೆಗಳನ್ನು ಹೊಲಸು ಮಾಡುವ ದೊಡ್ಡ ಗಂಡಸರ ಮೊದಲ ಪಾಠವು ಇಂಥ ನಗೆಯಲ್ಲಿಯೇ ಆಗಿರುವದು. ಮೊದಲು ಕುಳಿತುಕೊಂಡೇ ಎರಡನ್ನೂ ಮಾಡಲು ಕಲಿಸಿ, ಆ ಮೇಲೆ ನಿಂತು ಮಾಡುವದನ್ನು ತಂದೆಯೋ ಸೋದರಮಾವನೋ ಕಲಿಸುವದು ಒಳಿತು. ಅನುಕರಣವೇ ಹುಡುಗರ ಗುರು.

ಕೂಸಿನ ಮಲವು ನಿರಪಾಯವೆಂಬ ನಂಬಿಕೆಯನ್ನೂ ಬಿಡಬೇಕು. ಭೇದಿಯ ಕ್ರಿಮಿಗಳು ಅದರಲ್ಲಿಯೂ ಇರುವವು. ಅದನ್ನು ತಿಪ್ಪೆಗೆ ಎಸೆಯದೆ ಶೌಚಕೂಪಕ್ಕೇ ಹಾಕಿ, ತೊಳೆದವರೂ ಕೂಸೂ ಸಾಬೂನಿನಿಂದ ಕೈತೊಳೆಯಬೇಕು. ಡೈಪರನ್ನಾದರೋ ಶೌಚಕೂಪಕ್ಕೂ ಕೆರೆಗೂ ಹಾಕದೆ, ಸುತ್ತಿ ಕಸದ ಗಾಡಿಗೆ ಕೊಡತಕ್ಕದ್ದು.

ಇಷ್ಟೆಲ್ಲ ಮಾಡಿದರೂ ಒಂದೆರಡು ಸಲ ಬಟ್ಟೆ ಕೆಡುವದು ತಪ್ಪದು. ಆಗ “ಏನಾಗಿಲ್ಲ ಬಾ ತಮ್ಮಾ, ತೊಳದು ಬ್ಯಾರೆ ಚಡ್ಡಿ ಹಾಕತೇನಿ” ಎಂಬ ಮಾತೇ ಸಾಕು. ನಗುವ ನೆಂಟರಿಗೆ ಹಿರಿಯರೊಬ್ಬರು, ಬಹುಮಟ್ಟಿಗೆ ಅಜ್ಜಿಯೇ, ಮೆಲ್ಲಗೆ ಸುಮ್ಮನಿರಲು ಹೇಳಬೇಕು. ತೊಯ್ದ ಕೌದಿಯು ಒಂದು ಬಿಸಿಲಿಗೆ ಒಣಗುವದು. ನಾಲ್ಕು ಜನರ ಮುಂದೆ ಅವಮಾನಗೊಂಡ ಕೂಸಿನ ಅಂಜಿಕೆಯು ಮಾತ್ರ ಅಷ್ಟು ಬೇಗ ಆರುವದಿಲ್ಲ.