ಗಣಕಯಂತ್ರದಲ್ಲಿ ನಿಘಂಟಿನ ಸ್ಥಾಪನೆಯೂ ವಿಸರ್ಜನೆಯೂ

ಜೇವರ್ಗಿಯ ಷಣ್ಮುಖಸ್ವಾಮಿಗಳ ವಚನಗಳನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ ಇರಿಸಿಕೊಂಡ ಅಧ್ಯಾಪಕನು, ಯಂತ್ರವನ್ನು ಬದಲಾಯಿಸಿ ಆ ಕಡತವನ್ನು ತೆರೆದಾಗ, ‘ಅಖಂಡೇಶ್ವರ’ ಎಂಬ ಅಂಕಿತವಿದ್ದೆಡೆಯಲ್ಲಿ ರೋಮನ್ ಅಕ್ಷರಗಳ ಅರ್ಥಹೀನವಾದ ಸಾಲನ್ನು ಕಾಣುವ ಸಂಭವವುಂಟು. ಕಡತವು ಕೆಟ್ಟುದಲ್ಲ, ಹಳೆಯ ಯಂತ್ರದಲ್ಲಿದ್ದ ಕನ್ನಡ ಅಕ್ಷರವಿನ್ಯಾಸವು ಹೊಸದರಲ್ಲಿ ಇಲ್ಲವಷ್ಟೆ. ಈ ನಷ್ಟದ ಸ್ವರೂಪವನ್ನು ತಿಳಿಯಬೇಕಾದರೆ, ಬರವಣಿಗೆಗೆ ನಿಘಂಟನ್ನೇ ಆಶ್ರಯಿಸಿರುವ ಜಪಾನೀ ಪದ್ಧತಿಯೊಡನೆ ನಮ್ಮದನ್ನು ಹೋಲಿಸಿ ನೋಡತಕ್ಕದ್ದು.

ಜಪಾನೀ ಬರವಣಿಗೆಯಲ್ಲಿ ಚೀನಾದಿಂದ ಬಂದ ಕಾಂಜಿಯೂ ಉಚ್ಚಾರಣಾನುಸಾರಿಯಾದ ಕಾನಾ ಲಿಪಿಯೂ ಬೆರೆತಿರುತ್ತವೆ. ಸಾಮಾನ್ಯ ವ್ಯವಹಾರಕ್ಕೆಂದು ಅಲ್ಲಿಯ ಸರಕಾರವು 2010ರಲ್ಲಿ ಪರಿಷ್ಕರಿಸಿದ ಪಟ್ಟಿಯೊಂದರಲ್ಲಿಯೇ 2136 ಕಾಂಜಿಗಳಿವೆ. ಇವಕ್ಕೆಲ್ಲ ಒಂದೊಂದು ಕೀಲಿಯನ್ನಿಡುವುದು ಶಕ್ಯವಲ್ಲವಾದುದರಿಂದ, ಬರೆಯುವವನು ಪದದ ಉಚ್ಚಾರಣೆಯನ್ನು ಒತ್ತುತ್ತಾನೆ; ಯಂತ್ರವು ನಿಘಂಟನ್ನು ಶೋಧಿಸಿ ತಕ್ಕ ಕಾಂಜಿಗಳನ್ನು ಮುಂದಿಡುತ್ತದೆ. ತೋಷಿಬಾ ಸಂಸ್ಥೆಯು 1978ರಲ್ಲಿ ಪ್ರಕಟಪಡಿಸಿದ ಜೆಡಬ್ಲ್ಯೂ-10 ಎಂಬ ಯಂತ್ರದಲ್ಲಿ ಈ ಕ್ರಮವು ಮೊದಲು ಬಳಕೆಗೆ ಬಂದಿತು. ‘ಕಿಶಾ’ ಎಂಬ ಒಂದೇ ಉಚ್ಚಾರಣೆಗೆ ನಿಮ್ಮ ಸಂಸ್ಥೆ, ಪತ್ರಿಕೆಯ ವರದಿಗಾರ, ಉಗಿಬಂಡಿ, ಸಂಸ್ಥೆಗೆ ಮರಳುವಿಕೆ ಎಂಬ ನಾಲ್ಕು ಅರ್ಥಗಳುಂಟು; ನಾಲ್ಕಕ್ಕೂ ಬರಹ ಬೇರೆ. ನಮ್ಮ ಶ್ಲೇಷಕವಿಗಳು ಹಿಗ್ಗತಕ್ಕ ಈ ಸನ್ನಿವೇಶವು ನಿಘಂಟಿಲ್ಲದ ಯಂತ್ರಕ್ಕೆ ಸಂಕಟವೇ ಸರಿ. (ಕಾನಾಕ್ಷರಗಳ ಅ, ಕ, ಸ, ತ, ನ ಎಂಬ ಕ್ರಮವು ಬೌದ್ಧಧರ್ಮದೊಡನೆ ಅಲ್ಲಿಗೆ ಹೋದ ಸಿದ್ಧಂ ಲಿಪಿಯ ಅಧ್ಯಯನದ ಪ್ರಭಾವವೆಂಬುದು ಸಂಸ್ಕೃತಜ್ಞರಿಗೆ ಪ್ರಿಯವಾದ ಸಂಗತಿ.)

ಈ ನಿಘಂಟು ಎರಡು ಪದರುಗಳುಳ್ಳದ್ದು. ಮೊದಲನೆಯದು ತಂತ್ರಾಂಶವನ್ನು ಸ್ಥಾಪಿಸುವಾಗ ಅದರೊಡನೆಯೇ ಬರುವ ಮೂಲನಿಘಂಟು; ಎರಡನೆಯದು ಬಳಸುವವನು ತಾನೇ ಸೇರಿಸಿದ ಊರು, ವ್ಯಕ್ತಿ, ಶಾಸ್ತ್ರಪದಗಳ ಸಂಗ್ರಹ. ತಂತ್ರಾಂಶವನ್ನು ತೆಗೆದುಹಾಕಿದರೆ ಮೂಲನಿಘಂಟನ್ನು ಮರಳಿ ಪಡೆಯುವುದು ಸುಲಭ. ವರ್ಷಗಟ್ಟಲೆ ಕೂಡಿಸಿದ ಎರಡನೆಯದು ಅಳಿದುಹೋಗಬಹುದು. ಆದಕಾರಣ ವಿಸರ್ಜನೆಗೆ ಮುನ್ನ ಅದನ್ನು ಪ್ರತ್ಯೇಕವಾದ ಕಡತವಾಗಿ ಹೊರತೆಗೆದು ಇರಿಸಿಕೊಳ್ಳಬೇಕು. ಏನೇ ಆದರೂ, ಬರೆದು ಮುಗಿದ ಲೇಖನಕ್ಕೆ ಇದರಿಂದ ಬಾಧೆಯಿಲ್ಲ.

ಕನ್ನಡಕ್ಕೆ ಇಂತಹ ನಿಘಂಟು ಬೇಕಿಲ್ಲ. ವರ್ಣಗಳನ್ನು ಕ್ರಮವಾಗಿ ಒತ್ತಿದರೆ ಗುಣಿತಾಕ್ಷರವೂ ಒತ್ತಕ್ಷರವೂ ತಾವಾಗಿ ಕೂಡುತ್ತವೆ. ಕೆ. ಪಿ. ರಾವ್ ಅವರ ಕೀಲಿವಿನ್ಯಾಸದಲ್ಲಿ ‘ಜೇವರ್ಗಿ’ ಎಂಬುದಕ್ಕೆ ಜ, ಏತ್ವ, ವ, ರ, ಹಲಂತ, ಗ, ಇತ್ವ ಎಂಬ ಏಳು ಒತ್ತುಗಳು ಸಾಕು. ಬಾಲಕರು ಕಾಗುಣಿತವನ್ನು ಕಲಿಯುವ ಕ್ರಮವೇ ಇದು.

ಆದರೆ ನಮ್ಮಲ್ಲಿ ಅಪಾಯವು ಬೇರೆಡೆಯಲ್ಲಿ ಅಡಗಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಆವೃತ್ತಿಗಳಲ್ಲಿಯೂ 1998ರಲ್ಲಿ ಹೊರಬಂದ ‘ಬರಹ’ದ ಮೊದಲ ಆವೃತ್ತಿಗಳಲ್ಲಿಯೂ ಕನ್ನಡದ ಅಕ್ಷರಖಂಡಗಳು ರೋಮನ್ ಮೊದಲಾದ ಚಿಹ್ನೆಗಳ ಸಂಕೇತಸ್ಥಾನಗಳಲ್ಲಿ ಕುಳಿತಿದ್ದವು. ಕಡತದಲ್ಲಿ ಉಳಿಯುತ್ತಿದ್ದುದು ಆ ಸಂಕೇತಗಳು. ಕಣ್ಣಿಗೆ ಕನ್ನಡವನ್ನು ತೋರಿಸುತ್ತಿದ್ದುದು ಅಕ್ಷರವಿನ್ಯಾಸ ಮಾತ್ರ. ಅದನ್ನು ತೆಗೆದರೆ ಕನ್ನಡವೇ ಮರೆಯಾಗುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ: 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ವಂತವಾದ ಸ್ಥಾನಗಳಿವೆ. ಹಳೆಯ ತಂತ್ರಾಂಶವನ್ನು ಕಳಚುವ ಮೊದಲು ಅದರ ಕಡತಗಳನ್ನೆಲ್ಲ ಪರಿವರ್ತನಸಾಧನದಿಂದ ಯೂನಿಕೋಡಿಗೆ ತಂದು, ಮೂಲದೊಡನೆ ಸಾಲುಸಾಲಾಗಿ ತಾಳೆನೋಡುವುದು ಅವಶ್ಯಕ. ಅರ್ಕಾವೊತ್ತಿನಲ್ಲಿಯೂ ವಿರಳವಾದ ಒತ್ತಕ್ಷರಗಳಲ್ಲಿಯೂ ದೋಷಗಳು ನುಸುಳುವುದು ಹೆಚ್ಚು.

ಈಗ ಚರವಾಣಿಯ ಕೀಲಿಮಣೆಗಳು ಪದವನ್ನು ಮುಂದಾಗಿ ಊಹಿಸಿ ಸೂಚಿಸುವುದರಿಂದ, ನಿಘಂಟಿನ ಪ್ರಶ್ನೆಯು ಕನ್ನಡಕ್ಕೂ ಬಂದಿದೆ. 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ ಉರ್ದು, ಮರಾಠಿಗಳ ಸಂಪರ್ಕವು ದೀರ್ಘವಾದುದು. ಊರ ಹೆಸರುಗಳ ಬರಹವೂ ಏಕರೂಪವಲ್ಲ. ಆಳಂದ, ಅಳಂದ, ಜೇವರ್ಗಿ, ಜೇವರಗಿ, ಅಫಜಲಪುರ, ಅಫಜಲಪೂರ, ಅಫಜಲ್‌ಪುರ ಎಂಬ ರೂಪಗಳೆಲ್ಲ ಕಾಣಬರುತ್ತವೆ. ಕೊನೆಯ ರೂಪದಲ್ಲಿ ಲಕಾರಕ್ಕೆ ಪಕಾರವು ಒತ್ತಾಗದಂತೆ ತಡೆಯುವ ಅಗೋಚರವಾದ ಸಂಕೇತವೊಂದು ನಡುವೆ ಕುಳಿತಿರುತ್ತದೆ. ಅದನ್ನು ಬಿಟ್ಟು ಹುಡುಕಿದರೆ ಪದವು ಸಿಕ್ಕದೆ ಹೋಗಬಹುದು. ಯಂತ್ರಕ್ಕೆ ಕಲಿಸುವ ಪದಗಳಲ್ಲಿ ಈ ರೂಪಭೇದಗಳನ್ನೆಲ್ಲ ಸೇರಿಸಿ, ಆ ಪಟ್ಟಿಯ ಪ್ರತಿಯೊಂದನ್ನು ಯಂತ್ರದ ಹೊರಗೆ ಇಟ್ಟುಕೊಳ್ಳುವುದು ಒಳಿತು. ಹಳೆಯ ಪತ್ರಗಳನ್ನು ಪ್ರತಿಮಾಡುವಾಗ ಮಾತ್ರ ಸೂಚಿತರೂಪವನ್ನು ಕೈಬಿಟ್ಟು, ಪತ್ರದಲ್ಲಿದ್ದ ರೂಪವನ್ನೇ ಒತ್ತಬೇಕು.