ಶ್ರುತಿ ಕೆಡಿಸಲು ಒಂದು ನಾಬ್

2020ರಲ್ಲಿ ಅಮೆರಿಕದ ಸೀಕ್ವೆನ್ಶಿಯಲ್ ಕಂಪನಿ ತನ್ನ ಹಳೆಯ ಪ್ರಾಫೆಟ್-5 ಸಿಂಥಸೈಜರನ್ನು ಹೊಸದಾಗಿ ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು. ನೋಡಲು 1978ರ ಮೂಲ ವಾದ್ಯವೇ. ಅದೇ ಮರದ ಪಕ್ಕೆಗಳು, ಅದೇ ಕಪ್ಪು ಫಲಕ, ಅದೇ ಸಾಲು ನಾಬ್‌ಗಳು. ಆದರೆ ಮೂಲದಲ್ಲಿ ಇಲ್ಲದಿದ್ದ ಒಂದು ನಾಬ್ ಹೊಸದಾಗಿ ಸೇರಿಕೊಂಡಿತ್ತು. ಅದರ ಹೆಸರು ‘ವಿಂಟೇಜ್’. ಅದನ್ನು 4ರಲ್ಲಿ ಇಟ್ಟರೆ ಒಟ್ಟಿಗೆ ಒತ್ತಿದ ಐದು ಸ್ವರಗಳೂ ಅಚ್ಚುಕಟ್ಟಾಗಿ ಶ್ರುತಿಯಲ್ಲಿ ನಿಲ್ಲುತ್ತವೆ. 1ರ ಕಡೆಗೆ ತಿರುಗಿಸುತ್ತ ಹೋದಂತೆ ಒಂದೊಂದು ಸ್ವರವೂ ಒಂದೊಂದು ದಿಕ್ಕಿಗೆ ಕೂದಲೆಳೆಯಷ್ಟು ಜಾರುತ್ತದೆ. ನಲವತ್ತು ವರ್ಷ ಎಂಜಿನಿಯರುಗಳು ಯಾವ ದೋಷದ ವಿರುದ್ಧ ಗುದ್ದಾಡಿದರೋ ಆ ದೋಷವನ್ನೇ ಕಾಸು ಕೊಟ್ಟು ವಾಪಸ್ ಪಡೆಯುವ ಸೌಲಭ್ಯ ಇದು.

ಸಿಂಥಸೈಜರ್ ಕೊಳ್ಳಬೇಕು ಅನ್ನುವವರ ಮುಂದೆ ಇವತ್ತು ಮೂರು ದಾರಿಗಳಿವೆ. ಎಪ್ಪತ್ತು-ಎಂಬತ್ತರ ದಶಕದ ಹಳೆಯ ಯಂತ್ರವನ್ನು ಹುಡುಕಿ ತರಬಹುದು, ಅದೇ ತತ್ವದ ಹೊಸ ಅನಲಾಗ್ ಯಂತ್ರ ಕೊಳ್ಳಬಹುದು, ಇಲ್ಲವೇ ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಹಾಕಿಕೊಂಡು ಸುಮ್ಮನಾಗಬಹುದು. ಹಳೆಯದರಲ್ಲಿ ‘ಬೆಚ್ಚಗಿನ ನಾದ’ ಇದೆ, ಸಾಫ್ಟ್‌ವೇರ್ ‘ತಣ್ಣಗೆ’ ಕೇಳುತ್ತದೆ ಎಂಬ ಮಾತು ಸಂಗೀತಗಾರರ ಬಾಯಲ್ಲಿ ಸದಾ ಇರುತ್ತದೆ. ತಮಾಷೆಯೆಂದರೆ ಇದು ಬರೀ ರೂಪಕವಲ್ಲ. ಹಳೆಯ ಸಿಂಥಸೈಜರಿನ ಕಥೆಯಲ್ಲಿ ಶಾಖಕ್ಕೆ ನಿಜವಾಗಿಯೂ ದೊಡ್ಡ ಪಾತ್ರವಿದೆ.

ರಾಬರ್ಟ್ ಮೋಗ್ ತನ್ನ ಸಿಂಥಸೈಜರಿನ ಮೊದಲ ಮಾದರಿಗಳನ್ನು ಕಟ್ಟಿದ್ದು 1964ರಲ್ಲಿ. (ಉಚ್ಚಾರ ಮೋಗ್ ಎಂದೇ. ಮೂಗ್ ಎಂದರೆ ಕನ್ನಡಿಗರಿಗೆ ಬೇರೆ ಏನೋ ನೆನಪಾದೀತು.) ಅವನು ರೂಢಿಗೆ ತಂದ ಕಟ್ಟಳೆ ಸರಳ: ಕೀಲಿಮಣೆಯಲ್ಲಿ ಒಂದು ಸ್ಥಾಯಿ ಮೇಲೆ ಹೋದರೆ ಒಂದು ವೋಲ್ಟ್ ಹೆಚ್ಚಬೇಕು. ಆದರೆ ನಮ್ಮ ಕಿವಿಯ ಲೆಕ್ಕ ಬೇರೆ. ಒಂದು ಸ್ಥಾಯಿ ಏರಿದರೆ ಕಂಪನಸಂಖ್ಯೆ ದುಪ್ಪಟ್ಟಾಗಬೇಕು: 220, 440, 880. ವೋಲ್ಟೇಜನ್ನು ಕೂಡುತ್ತ ಹೋದಂತೆ ಕಂಪನಸಂಖ್ಯೆ ಗುಣಿಸುತ್ತ ಹೋಗಬೇಕು. ಕೂಡುವ ಲೆಕ್ಕವನ್ನು ಗುಣಿಸುವ ಲೆಕ್ಕವಾಗಿ ಬದಲಿಸಿಕೊಡುವ ಅಗ್ಗದ ವಸ್ತು ಆಗ ಒಂದು ಇತ್ತು. ಅದೇ ಟ್ರಾನ್ಸಿಸ್ಟರ್. ಅದರ ‘ಬೇಸ್’ ತುದಿಗೆ ಕೊಟ್ಟ ವೋಲ್ಟೇಜು ಸುಮಾರು 18 ಮಿಲಿವೋಲ್ಟ್ ಏರಿದರೆ ಅದರ ಮೂಲಕ ಹರಿಯುವ ವಿದ್ಯುತ್ತು ಇಮ್ಮಡಿಯಾಗುತ್ತದೆ. ಆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಆಂದೋಲಕವನ್ನು ಓಡಿಸಿದರೆ ಸ್ಥಾಯಿ ಸಿಕ್ಕಂತೆಯೇ.

ತೊಂದರೆ ಶುರುವಾಗುವುದು ಇಲ್ಲಿಂದ. ಅದೇ ಟ್ರಾನ್ಸಿಸ್ಟರು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 2 ಮಿಲಿವೋಲ್ಟ್ ಹೆಚ್ಚು ಕೊಟ್ಟಂತೆ ವರ್ತಿಸುತ್ತದೆ. ಸ್ಥಾಯಿಯೊಂದಕ್ಕೆ 18 ಮಿಲಿವೋಲ್ಟ್ ಇರುವಾಗ 2 ಮಿಲಿವೋಲ್ಟ್ ಎಂದರೆ ಒಂದು ಅರ್ಧಸ್ವರಕ್ಕಿಂತ ಜಾಸ್ತಿ! ಕಿಟಕಿ ತೆರೆದರೆ ಷಡ್ಜ ಹೋಗಿ ರಿಷಭವಾಗುವ ವಾದ್ಯವನ್ನು ಯಾರು ನುಡಿಸಿಯಾರು? ಅದಕ್ಕೆ ಎರಡು ಟ್ರಾನ್ಸಿಸ್ಟರುಗಳನ್ನು ಜೋಡಿಯಾಗಿ ಒಂದಕ್ಕೊಂದು ಅಂಟಿದಂತೆ ಕೂರಿಸಿ, ಒಂದರ ದೋಷವನ್ನು ಇನ್ನೊಂದರಿಂದ ಕಳೆಯುವ ಉಪಾಯ ಮಾಡಿದರು. ಆಮೇಲೂ ಒಂದು ಬಾಕಿ ಉಳಿಯುತ್ತದೆ. ಆ 18 ಮಿಲಿವೋಲ್ಟ್ ಅನ್ನುವ ಅಳತೆಗೋಲೇ ಶಾಖಕ್ಕೆ ತಕ್ಕಂತೆ ಹಿಗ್ಗುತ್ತದೆ, ಡಿಗ್ರಿಗೆ ಶೇಕಡ 0.33ರಷ್ಟು. ಒಂದು ಸ್ಥಾಯಿಯಲ್ಲಿ 1200 ಸೆಂಟುಗಳು, ಅರ್ಧಸ್ವರಕ್ಕೆ 100. ಹಾಗಾಗಿ ಒಂದು ಡಿಗ್ರಿ ಏರಿದರೆ ಸ್ಥಾಯಿಯೊಂದಕ್ಕೆ 4 ಸೆಂಟು ಜಾರುತ್ತದೆ, ಮೂರು ಸ್ಥಾಯಿಯ ಆಚೆ 12 ಸೆಂಟು. ಬಿಸಿಯಾದಂತೆ ತಾನೂ ಬದಲಾಗಿ ಇದನ್ನು ಸರಿದೂಗಿಸುವ ವಿಶೇಷ ರೆಸಿಸ್ಟರುಗಳಿವೆ. ಅವೂ ನೂರಕ್ಕೆ ನೂರು ಸರಿದೂಗಿಸುವುದಿಲ್ಲ.

4 ಸೆಂಟು ಕಿವಿಗೆ ತಪ್ಪಾಗಿ ಕೇಳುವುದಿಲ್ಲ. ಮತ್ತೇನಾಗಿ ಕೇಳುತ್ತದೆ? ತಂಬೂರಿ ಶ್ರುತಿ ಮಾಡಿದವರಿಗೆ ಇದರ ಉತ್ತರ ಗೊತ್ತು. ನಡುವಿನ ಎರಡು ತಂತಿಗಳು ಒಂದೇ ಸ್ವರಕ್ಕೆ ತೀರ ಹತ್ತಿರ ಬಂದಾಗ ಒಂದು ನಿಧಾನವಾದ ಅಲೆ ಎದ್ದು ಬೀಳುತ್ತದೆ. 220 ಹರ್ಟ್ಸ್ ಮತ್ತು 221 ಹರ್ಟ್ಸ್ ಒಟ್ಟಿಗೆ ನುಡಿದರೆ ಸೆಕೆಂಡಿಗೆ ಒಂದು ಅಲೆ. ಹಳೆಯ ಯಂತ್ರದ ಎರಡು-ಮೂರು ಆಂದೋಲಕಗಳು ಬೇರೆಬೇರೆ ಮೂಲೆಯಲ್ಲಿ ಬೇರೆಬೇರೆ ಶಾಖದಲ್ಲಿ ಕುಳಿತು ಇಂಥ ಅಲೆಗಳನ್ನು ಎಬ್ಬಿಸುತ್ತಲೇ ಇರುತ್ತವೆ. ಒಂದೇ ಸ್ವರವನ್ನು ಎರಡು ಸಲ ಒತ್ತಿದರೆ ಎರಡು ಸಲವೂ ಕೂದಲೆಳೆಯ ವ್ಯತ್ಯಾಸ. ನಾವು ‘ಬೆಚ್ಚಗೆ’ ಎನ್ನುವುದರಲ್ಲಿ ದೊಡ್ಡ ಪಾಲು ಇದೇ. ಉಳಿದದ್ದು ಫಿಲ್ಟರಿನದು. ಮೋಗ್ 1969ರಲ್ಲಿ ಪೇಟೆಂಟ್ ಪಡೆದ ಏಣಿಯಾಕಾರದ ಫಿಲ್ಟರು ಸ್ಥಾಯಿಗೆ 24 ಡೆಸಿಬೆಲ್‌ನಂತೆ ಮೇಲಿನ ನಾದಾಂಶಗಳನ್ನು ಕತ್ತರಿಸುತ್ತದೆ. ಜೋರಾಗಿ ತುಂಬಿಸಿದರೆ ಅದರ ಟ್ರಾನ್ಸಿಸ್ಟರುಗಳು ಅಲೆಯ ತುದಿಗಳನ್ನು ಮೆಲ್ಲಗೆ ದುಂಡಗೆ ಮಾಡುತ್ತವೆ. ಅದೂ ಒಂದು ದೋಷವೇ, ಚೆಲುವಾದ ದೋಷ.

1970ರ ಮಿನಿಮೋಗ್ ಮೊದಲು ಮಾರಾಟಕ್ಕೆ ಬಂದಾಗ ಬೆಲೆ 1,495 ಡಾಲರ್. ಅದು ಏಕಕಾಲಕ್ಕೆ ನುಡಿಯುತ್ತಿದ್ದದ್ದು ಒಂದೇ ಸ್ವರ. ಪ್ರಾಫೆಟ್-5ರಲ್ಲಿ ಐದು ಸ್ವರಗಳಿಗೆ ಹತ್ತು ಆಂದೋಲಕಗಳು. ಹತ್ತನ್ನೂ ಶ್ರುತಿಯಲ್ಲಿಡಲು ವಿನ್ಯಾಸಕ ಡೇವ್ ಸ್ಮಿತ್ ಒಳಗೆ ಒಂದು ಮೈಕ್ರೊಪ್ರೊಸೆಸರ್ ಇಟ್ಟ. ‘ಟ್ಯೂನ್’ ಗುಂಡಿ ಒತ್ತಿದರೆ ಅದು ಒಂದೊಂದನ್ನೂ ಅಳೆದು ತಿದ್ದುತ್ತಿತ್ತು. ಅಂದರೆ ಅನಲಾಗ್ ಸುವರ್ಣಯುಗ ಎಂದು ನೆನೆಯುವ ಹೊತ್ತಿಗಾಗಲೇ ಕಂಪ್ಯೂಟರು ಪೆಟ್ಟಿಗೆಯೊಳಗೆ ಬಂದು ಕುಳಿತಿತ್ತು. 1982ರ ರೋಲ್ಯಾಂಡ್ ಜೂನೊ-60 ಇನ್ನೂ ಮುಂದೆ ಹೋಗಿ ಶ್ರುತಿಯನ್ನು ಡಿಜಿಟಲ್ ಗಡಿಯಾರಕ್ಕೇ ಒಪ್ಪಿಸಿತು. ಅದರ ಆಂದೋಲಕ ಜಾರುವುದೇ ಇಲ್ಲ. ಆದರೂ ಅದನ್ನು ‘ಬೆಚ್ಚಗಿನ ವಿಂಟೇಜ್’ ಎಂದೇ ಎಲ್ಲರೂ ಮೆಚ್ಚುತ್ತಾರೆ. ಅದರ ಕೋರಸ್ ಗುಂಡಿ ಒತ್ತಿದಾಗ ಬರುವ ಅಲೆ ಸಾಕು ಅವರಿಗೆ.

ಈಗ ಹಳೆಯದನ್ನು ಕೊಳ್ಳುವ ಮಾತು. ನಲವತ್ತು ವರ್ಷದ ಪೆಟ್ಟಿಗೆಯಲ್ಲಿ ಕೆಡುವುದಕ್ಕೆ ಬೇಕಾದಷ್ಟಿದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಒಳಗಿನ ದ್ರವ ಒಣಗುತ್ತದೆ. ಹತ್ತು ಡಿಗ್ರಿ ಶಾಖ ಹೆಚ್ಚಿದರೆ ಅವುಗಳ ಆಯಸ್ಸು ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ಒರಟು ಲೆಕ್ಕ. 1981ರ ಕೋರ್ಗ್ ಪಾಲಿಸಿಕ್ಸ್‌ನಲ್ಲಿ ನೆನಪಿನ ಬ್ಯಾಟರಿ ಸೋರಿ ಅದು ಕೂತಿದ್ದ ಬೋರ್ಡನ್ನೇ ತಿಂದುಹಾಕುತ್ತದೆ. 1984ರ ಜೂನೊ-106ರ ಸ್ವರದ ಚಿಪ್ಪುಗಳಿಗೆ ರಕ್ಷಣೆಗೆಂದು ಬಳಿದಿದ್ದ ಲೇಪವೇ ಅವುಗಳಿಗೆ ಕಂಟಕವಾಯಿತು. ರಿಪೇರಿ ಮಾಡುವವರು ಚಿಪ್ಪನ್ನು ಬಿಚ್ಚಿ ಅಸಿಟೋನಿನಲ್ಲಿ ನೆನೆಹಾಕಿ ಲೇಪ ಸುಲಿಯುತ್ತಾರೆ, ಎಷ್ಟೋ ಸಲ ಸತ್ತ ಸ್ವರ ಎದ್ದು ಕೂರುತ್ತದೆ. ನಮ್ಮ ಕಡೆ ಇನ್ನೂ ಒಂದು ಎಚ್ಚರ ಬೇಕು. ಜಪಾನಿನ ಮಾರುಕಟ್ಟೆಗೆ ಮಾಡಿದ ಯಂತ್ರ 100 ವೋಲ್ಟಿನದು, ಅಮೆರಿಕದ್ದು ಸುಮಾರು 120. ನಮ್ಮ ಗೋಡೆಯಲ್ಲಿ ಬರುವುದು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ಉತ್ಸಾಹದಲ್ಲಿ ಪ್ಲಗ್ ಚುಚ್ಚಿದರೆ ಮೊದಲು ಹೊಗೆ, ಆಮೇಲೆ ಮೌನ. ಕರಾವಳಿಯ ಮಳೆಗಾಲದ ತೇವದ ಸಂಗತಿ ಬೇರೆ ಹೇಳಬೇಕಿಲ್ಲ.

ಹಳೆಯದಕ್ಕೆ ಇವತ್ತು ಬಂದಿರುವ ಪ್ರಭಾವಳಿಯ ಮೂಲ ಎಲ್ಲಿದೆ ಎಂದು ನೋಡಿದರೆ ನಗು ಬರುತ್ತದೆ. ರೋಲ್ಯಾಂಡಿನ ಟಿಬಿ-303 ಎಂಬ ಪುಟ್ಟ ಬೆಳ್ಳಿ ಬಣ್ಣದ ಡಬ್ಬಿ ಬೇಸ್ ಗಿಟಾರಿನವನ ಬದಲಿಗೆಂದು ತಯಾರಾದದ್ದು. ಬೇಸ್ ಗಿಟಾರಿನ ಹಾಗೆ ಕೇಳಲೇ ಇಲ್ಲ, 1984ರಲ್ಲಿ ತಯಾರಿಕೆ ನಿಂತಿತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗವಾಗಿ ಬಿದ್ದಿದ್ದ ಅದನ್ನು ಷಿಕಾಗೊದ ಕಾಸಿಲ್ಲದ ಹುಡುಗರು ಎತ್ತಿಕೊಂಡು ತಿರುಚಿ ತಿರುಚಿ ನುಡಿಸಿದರು, ಆಸಿಡ್ ಹೌಸ್ ಎಂಬ ಸಂಗೀತ ಹುಟ್ಟಿತು. ಅವರಿಗಿಂತ ಮೊದಲೇ ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಇದೇ 303, ಟಿಆರ್-808 ತಾಳಯಂತ್ರ ಮತ್ತು ಜುಪಿಟರ್-8 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂರಿಸಿದ್ದರು. ಆಗ ಅದನ್ನು ಕೇಳಿದವರು ಬಹಳ ಕಡಿಮೆ. 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತು ಬೆರಗಾಯಿತು. ಗಮನಿಸಬೇಕಾದ ಸಂಗತಿ: ಅವರು ನುಡಿಸಿದ್ದು ವಿಂಟೇಜ್ ಅಲ್ಲ, ಆ ದಿನ ಅಂಗಡಿಯಲ್ಲಿ ಸಿಗುತ್ತಿದ್ದ ಹೊಸ ಸಾಮಾನು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲಿ ಮೋಗ್ ಸಿಂಥಸೈಜರ್ ಬಂದು, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಸ್ಟುಡಿಯೊ ಕಟ್ಟಿಕೊಟ್ಟಾಗಲೂ ಅಷ್ಟೇ. ಯಾರೂ ಹಳೆಯ ಕಾಲದ ಮಾಧುರ್ಯ ಹುಡುಕಿಕೊಂಡು ಹೋಗಿರಲಿಲ್ಲ.

ಎರಡನೆಯ ದಾರಿ, ಹೊಸ ಅನಲಾಗ್. ಹತ್ತು-ಹದಿನೈದು ವರ್ಷಗಳಿಂದ ಇದಕ್ಕೆ ಒಳ್ಳೆಯ ಕಾಲ. 2013ರಲ್ಲಿ ಕೋರ್ಗ್ ತನ್ನ ಹಳೆಯ ಎಂಎಸ್-20ಯನ್ನು ಕಿರಿದು ಮಾಡಿ ತಂದಿತು, 2016ರಲ್ಲಿ ನಾಲ್ಕು ಸ್ವರಗಳ ಮಿನಿಲಾಗ್ ಬಂತು. 2018ರಲ್ಲಿ ಬೆಹ್ರಿಂಗರ್ ಕಂಪನಿ ಮಿನಿಮೋಗಿನ ವಿದ್ಯುನ್ಮಂಡಲವನ್ನೇ ಪುಟ್ಟ ಪೆಟ್ಟಿಗೆಯಲ್ಲಿ ಕೂರಿಸಿ ಸುಮಾರು 300 ಡಾಲರಿಗೆ ಮಾರಿತು. ಅದರ ನ್ಯಾಯಾನ್ಯಾಯದ ಬಗ್ಗೆ ಇನ್ನೂ ಜಗಳ ನಿಂತಿಲ್ಲ, ನಾನು ಅದಕ್ಕೆ ಕೈ ಹಾಕುವುದಿಲ್ಲ. ಸಿಂಥಸೈಜರುಗಳಿಗೆಂದೇ ಮಾಡಿದ ಹಳೆಯ ಕರ್ಟಿಸ್ ಚಿಪ್ಪುಗಳ ಪೇಟೆಂಟ್ ಮುಗಿದದ್ದರಿಂದ ಲಾಟ್ವಿಯಾದ ರೀಗಾದಲ್ಲೂ ಅವುಗಳ ನಕಲು ತಯಾರಾಗುತ್ತವೆ. ಅಂದರೆ ಒಳಗಿನ ಭೌತಶಾಸ್ತ್ರ ಹಳೆಯದೇ. ಟ್ರಾನ್ಸಿಸ್ಟರು ಈಗಲೂ ಶಾಖಕ್ಕೆ ಅಂಜುತ್ತದೆ, ಆದರೆ ಒಳಗಿನ ಕಂಪ್ಯೂಟರು ಅದನ್ನು ಆಗಾಗ ತಿದ್ದುತ್ತಿರುತ್ತದೆ, ಯಂತ್ರ ಗ್ಯಾರಂಟಿ ಕಾರ್ಡಿನ ಸಮೇತ ನಿಮ್ಮ ಮೇಜಿನ ಮೇಲೆ ಕೂರುತ್ತದೆ. ಹೆಚ್ಚಾಗಿ ಕೊಳ್ಳುವವರಿಗೆ ಬೇಕಾದದ್ದು ನಾದಕ್ಕಿಂತ ನಾಬ್‌ಗಳು ಎಂದು ನನ್ನ ಅನುಮಾನ. ಒಂದು ನಾಬ್, ಒಂದು ಕೆಲಸ. ಕಣ್ಣು ಮುಚ್ಚಿ ಕೈಯಾಡಿಸಿದರೂ ಫಿಲ್ಟರು ಸಿಗುತ್ತದೆ. ಇದು ಸಣ್ಣ ವಿಷಯವಲ್ಲ.

ಮೂರನೆಯ ದಾರಿ, ಸಾಫ್ಟ್‌ವೇರ್. ಅದರ ಮೇಲಿನ ದೂರು ಒಂದು ಕಾಲಕ್ಕೆ ನ್ಯಾಯವಾಗಿಯೇ ಇತ್ತು. ಕಂಪ್ಯೂಟರು ಧ್ವನಿಯನ್ನು ಸೆಕೆಂಡಿಗೆ 44,100 ಬಿಂದುಗಳಾಗಿ ಬರೆಯುತ್ತದೆ. ಅಷ್ಟು ಬಿಂದುಗಳಲ್ಲಿ ಹಿಡಿಯಬಹುದಾದ ಗರಿಷ್ಠ ಕಂಪನಸಂಖ್ಯೆ ಅದರ ಅರ್ಧ, 22,050 ಹರ್ಟ್ಸ್. ಗರಗಸದ ಹಲ್ಲಿನಂಥ ಅಲೆಯಲ್ಲಿ ಮೇಲಿನ ನಾದಾಂಶಗಳಿಗೆ ಕೊನೆಯೇ ಇಲ್ಲ. 3,000 ಹರ್ಟ್ಸಿನ ಸ್ವರ ತೆಗೆದುಕೊಳ್ಳಿ. ಅದರ ಅಂಶಗಳು 6,000, 9,000 ಹೀಗೆ 21,000ದವರೆಗೆ ಸುಸೂತ್ರ. ಮುಂದಿನದು 24,000. ಅದು ಗಡಿ ದಾಟಿದ್ದರಿಂದ ಹಿಂದಕ್ಕೆ ಮಡಚಿ 20,100 ಆಗಿ ಕೇಳುತ್ತದೆ. ಅದರ ಮುಂದಿನ 27,000 ಮಡಚಿ 17,100. ಈ ಸಂಖ್ಯೆಗಳಿಗೂ 3,000ಕ್ಕೂ ಸಂಬಂಧವಿಲ್ಲ. ಯಾವ ಶ್ರುತಿಗೂ ಸೇರದ ಈ ಅನಾಥ ಸ್ವರಗಳು ನಾದಕ್ಕೆ ಗಾಜು ಕೆರೆದ ಗುಣ ಕೊಡುತ್ತವೆ. ‘ತಣ್ಣಗೆ’ ಕೇಳುತ್ತದೆ ಎಂದು ದೂರಿದವರ ಕಿವಿ ಸುಳ್ಳು ಹೇಳಿರಲಿಲ್ಲ.

ಅದಕ್ಕೆ ಪರಿಹಾರ ಸಿಕ್ಕಿ ವರ್ಷಗಳಾದವು. ಬೇಕಾದ್ದಕ್ಕಿಂತ ನಾಲ್ಕೆಂಟು ಪಟ್ಟು ಹೆಚ್ಚು ಬಿಂದುಗಳಲ್ಲಿ ಲೆಕ್ಕ ಹಾಕಿ ಕೊನೆಗೆ ಸೋಸುವುದು ಒಂದು ವಿಧಾನ, ಅಲೆಯ ಚೂಪು ಮೂಲೆಗಳನ್ನು ಮೊದಲೇ ಲೆಕ್ಕಾಚಾರದಿಂದ ಮೃದು ಮಾಡುವುದು ಇನ್ನೊಂದು. ಫಿಲ್ಟರಿನ ತೊಡಕು ಇದಕ್ಕಿಂತ ಸೂಕ್ಷ್ಮ. ಅನಲಾಗ್ ಫಿಲ್ಟರಿನಲ್ಲಿ ಹೊರಬಂದ ಧ್ವನಿ ತಕ್ಷಣ ಹಿಂದಿರುಗಿ ಒಳಗೆ ಸೇರುತ್ತದೆ. ಕಂಪ್ಯೂಟರಿನಲ್ಲಿ ಅದು ಒಂದು ಬಿಂದು ತಡವಾಗಿ ಬರುತ್ತಿತ್ತು, ಅಷ್ಟಕ್ಕೇ ಅನುರಣನದ ಶ್ರುತಿ ಹಳಿ ತಪ್ಪುತ್ತಿತ್ತು. ಪ್ರತಿ ಬಿಂದುವಿಗೂ ಸಮೀಕರಣವನ್ನೇ ಬಿಡಿಸಿ ಆ ತಡವನ್ನು ಇಲ್ಲವಾಗಿಸುವ ಕ್ರಮವನ್ನು ಬಳಸಿದ ಯು-ಹಿ ಕಂಪನಿಯ ದಿವಾ ಎಂಬ ಸಾಫ್ಟ್‌ವೇರು 2011ರಲ್ಲಿ ಬಂದಾಗ ಅಂದಿನ ಕಂಪ್ಯೂಟರುಗಳು ಏದುಸಿರು ಬಿಟ್ಟವು. ಇಂದಿನ ಸಾಧಾರಣ ಲ್ಯಾಪ್‌ಟಾಪಿಗೆ ಅದು ಅಷ್ಟೇನೂ ಹೊರೆಯಲ್ಲ. ತುಂಬಿದ ಹಾಡಿನ ನಡುವೆ ಇದು ಅಸಲು, ಇದು ನಕಲು ಎಂದು ಬೊಟ್ಟು ಮಾಡಬಲ್ಲೆ ಎನ್ನುವವರನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ಕೀ ಒತ್ತಿದ ಮೇಲೆ ಧ್ವನಿ ತಡವಾಗಿ ಬರುತ್ತದೆ ಎಂಬ ದೂರಿಗೂ ಒಂದು ಲೆಕ್ಕ ಸಾಕು. ಕಂಪ್ಯೂಟರು 256 ಬಿಂದುಗಳನ್ನು ಒಮ್ಮೆಗೆ ಕಟ್ಟಿ ಕಳಿಸಿದರೆ ಸುಮಾರು 5.8 ಮಿಲಿಸೆಕೆಂಡ್ ತಡ. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿನಲ್ಲಿ ಎರಡು ಮೀಟರ್ ಹೋಗುತ್ತದೆ. ಕಚೇರಿಯಲ್ಲಿ ಮೃದಂಗದವರು ಹಾಡುವವರಿಂದ ಅಷ್ಟು ದೂರ ಕೂರುವುದುಂಟು. 1,024 ಬಿಂದುಗಳಾದರೆ ಎಂಟು ಮೀಟರ್. ಆಗ ಮಾತ್ರ ಬೆರಳಿಗೂ ಕಿವಿಗೂ ಜಗಳ ಹತ್ತುತ್ತದೆ.

ನಮ್ಮ ಮನೆಗಳಲ್ಲಿ ಈ ಮೂರು ದಾರಿಯ ಆಯ್ಕೆ ಬೇರೆ ರೂಪದಲ್ಲಿ ಎಂದೋ ಆಗಿಹೋಗಿದೆ. ಹಲಸಿನ ಮರದ ತಂಬೂರಿ ಮೂಲೆಯಲ್ಲಿ ಗವಸು ಹೊದ್ದು ನಿಂತಿತು. ಎಪ್ಪತ್ತರ ದಶಕದ ಕೊನೆಗೆ ಬೆಂಗಳೂರಿನ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು, ಅವರ ರಾಡೆಲ್ ಪೆಟ್ಟಿಗೆ ಪಾಠದ ಮನೆಗಳನ್ನೆಲ್ಲ ಹೊಕ್ಕಿತು. ಈಗ ಮಕ್ಕಳು ಮೊಬೈಲಿನ ಆ್ಯಪ್ ಹಾಕಿಕೊಂಡು ಸ್ವರಾವಳಿ ಹೇಳುತ್ತಾರೆ. ಮೂರೂ ಒಟ್ಟಿಗೆ ಬದುಕಿವೆ. ಮರದ ತಂಬೂರಿ ಇಟ್ಟುಕೊಂಡವರು ತಂತಿ ಬದಲಿಸಲು, ಕುದುರೆಯ ಮೇಲೆ ದಾರ ಸರಿಸಿ ಜೀವ ಹಿಡಿಯಲು ಬಲ್ಲವರು. ಬಾರದವರ ಮನೆಯಲ್ಲಿ ಅದು ಅಲಂಕಾರ.

ಹಳೆಯ ಸಿಂಥಸೈಜರಿಗೂ ನನ್ನ ತೀರ್ಪು ಅದೇ. ಬೆಸುಗೆಯ ಕಡ್ಡಿ ಹಿಡಿಯಲು ಬರುತ್ತಿದ್ದರೆ, ಅಥವಾ ಹಿಡಿಯಬಲ್ಲ ಗೆಳೆಯ ಊರಲ್ಲೇ ಇದ್ದರೆ ಕೊಳ್ಳಿ. ಇಲ್ಲವಾದರೆ ಬೇಡ. ಕೈಗೆ ನಾಬ್ ಬೇಕೇಬೇಕು ಎನ್ನುವವರಿಗೆ ಹೊಸ ಅನಲಾಗ್ ಇದೆ. ಆದರೆ ಅದಕ್ಕೂ ಮೊದಲು ಒಂದು ಸಂಜೆ ಸರ್ಜ್ ಎಕ್ಸ್‌ಟಿ ಎಂಬ ಸಾಫ್ಟ್‌ವೇರನ್ನು ಇಳಿಸಿಕೊಂಡು ನೋಡಿ. ಪೂರ್ತಿ ಉಚಿತ, ಮೂಲ ಸಂಕೇತವೂ ಮುಕ್ತ. ಎರಡು ಆಂದೋಲಕಗಳನ್ನು ಒಂದೇ ಸ್ವರದಲ್ಲಿ ಇಟ್ಟು, ಒಂದನ್ನು 4 ಸೆಂಟು ಸರಿಸಿ, ಕಣ್ಣು ಮುಚ್ಚಿ ಕೇಳಿ. ಆಮೇಲೆ ಅದರ ಪರದೆಯ ಮೇಲೆ ಹುಡುಕಿದರೆ ಡ್ರಿಫ್ಟ್ ಎಂಬ ಸ್ಲೈಡರೂ ಸಿಗುತ್ತದೆ.